ಗ್ರಾಹಕರಿಗೆ ಪತ್ರ: ಗೂಡು ನಮ್ಮದು, ಇರುವೆ ನಿಮ್ಮೂರಿನದು

ಆತ್ಮೀಯ ಗ್ರಾಹಕರೇ,

ಈ ಮುಂಗಾರಿನಿಂದ ನಾವು ಇರುವೆ ಸಾಕುವ ಗಾಜಿನ ಗೂಡಿನ ಜೊತೆ ಇರುವೆ ಕಳಿಸುವುದಿಲ್ಲ. ಗೂಡು, ಟೆಸ್ಟ್ ಟ್ಯೂಬ್, ಹತ್ತಿ, ನೀರು ಹಾಕುವ ಸಿರಿಂಜು ಎಲ್ಲ ಮೊದಲಿನಂತೆಯೇ ಬರುತ್ತವೆ. ರಾಣಿ ಇರುವೆಯನ್ನು ಮಾತ್ರ ನೀವೇ ಹುಡುಕಿಕೊಳ್ಳಬೇಕು. ಇರುವೆಗೆಂದು ಹಿಡಿಯುತ್ತಿದ್ದ ದುಡ್ಡನ್ನು ಬಿಲ್ಲಿನಿಂದ ತೆಗೆದಿದ್ದೇವೆ.

ಎಲೆ ಕತ್ತರಿಸುವ ಇರುವೆ ಬೇಕು ಅಂತ ಕೇಳುವವರು ಇತ್ತೀಚೆಗೆ ಜಾಸ್ತಿಯಾಗಿದ್ದಾರೆ. ಅವರಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇವೆ. ಹಸಿರು ಚೂರು ಎತ್ತಿ ಹಿಡಿದು ಸಾಲು ಹೋಗುವುದನ್ನು ವಿಡಿಯೋದಲ್ಲಿ ನೋಡಿದರೆ ಯಾರಿಗೆ ಆಸೆಯಾಗಲ್ಲ? ಆದರೂ ಅದನ್ನು ನಾವು ತರಿಸುವುದಿಲ್ಲ.

ಆ ಇರುವೆ ಅಮೆರಿಕ ಖಂಡಗಳದ್ದು. ಅಟ್ಟಾ, ಅಕ್ರೊಮಿರ್ಮೆಕ್ಸ್ ಅಂತ ಎರಡು ದೊಡ್ಡ ಕುಲ. ಕತ್ತರಿಸಿದ ಎಲೆಯನ್ನು ಅವು ತಿನ್ನುವುದಿಲ್ಲ. ಅಗಿದು ಮುದ್ದೆ ಮಾಡಿ, ಅದರ ಮೇಲೆ ಒಂದು ಜಾತಿಯ ಬೂಷ್ಟು ಬೆಳೆಸುತ್ತವೆ. ಮರಿಗಳ ಊಟ ಆ ಬೂಷ್ಟೇ. ಹೊಸ ರಾಣಿ ತವರು ಬಿಟ್ಟು ಹಾರುವಾಗ ಅದರದೊಂದು ಚಿಕ್ಕ ಉಂಡೆಯನ್ನು ಬಾಯೊಳಗಿನ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಾಳೆ, ಹೊಸ ಮನೆಗೆ ಹೆಪ್ಪು ಒಯ್ದ ಹಾಗೆ.

ಅಂದರೆ ಸಾಕಬೇಕಾದದ್ದು ಇರುವೆಗಿಂತ ಮೊದಲು ಬೂಷ್ಟನ್ನು. ಬೂದು ಬಣ್ಣದ ಸ್ಪಂಜಿನಂಥ ಆ ತೋಟಕ್ಕೆ ಹೆಚ್ಚುಕಮ್ಮಿ 25 ಡಿಗ್ರಿ ಬಿಸಿ ಮತ್ತು ಸದಾ ತೇವದ ಗಾಳಿ ಬೇಕು. ಒಣಗಿದರೆ ಕುಗ್ಗುತ್ತದೆ. ನೀರು ನಿಂತರೆ ಬೇರೆ ಬೂಷ್ಟು ನುಗ್ಗುತ್ತದೆ. ಎಸ್ಕೊವಾಪ್ಸಿಸ್ ಎನ್ನುವ ಬೂಷ್ಟಂತೂ ಈ ತೋಟಕ್ಕೇ ಅಂಟಿಕೊಂಡ ಪೀಡೆ. ಇರುವೆಗಳು ದಿನವಿಡೀ ಕಳೆ ಕೀಳುತ್ತವೆ, ಕಸವನ್ನು ತೋಟದಿಂದ ದೂರ ಬೇರೆ ಕಡೆ ಹಾಕುತ್ತವೆ. ಹಾಗಾಗಿ ಸಾಕುವವರು ಕಸಕ್ಕೆ ಪ್ರತ್ಯೇಕ ಡಬ್ಬಿ ಇಡಲೇಬೇಕು. ಎಲೆಯದೂ ತಕರಾರೇ. ಕೆಲವು ಎಲೆಯಿಂದ ಇರುವೆಗೆ ಏನೂ ಆಗುವುದಿಲ್ಲ, ಬೂಷ್ಟಿಗೆ ಆಗಿಬರುವುದಿಲ್ಲ. ಮೊದಲು ಖುಷಿಯಿಂದ ಹೊತ್ತ ಎಲೆಯನ್ನು ಸ್ವಲ್ಪ ಸಮಯದ ಮೇಲೆ ಮುಟ್ಟುವುದನ್ನೇ ಬಿಡುತ್ತವೆ. ಔಷಧಿ ಹೊಡೆಯದ ಎಲೆ ವರ್ಷವಿಡೀ ಬೇಕು. ನಮ್ಮ ಮೆಣಸಿನಕಾಯಿ, ಹತ್ತಿ ಹೊಲಗಳ ನಡುವೆ ಅದನ್ನು ಎಲ್ಲಿಂದ ತರೋಣ?

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವೇ ನಗುತ್ತೇವೆ. 40 ಡಿಗ್ರಿ ದಾಟಿದ ಒಂದು ಮಧ್ಯಾಹ್ನ ಕರೆಂಟ್ ಹೋದರೆ ಆ ತೋಟದ ಕಥೆ ಮುಗಿಯಿತು. ತೋಟ ಹೋದ ಮೇಲೆ ಇರುವೆ ಉಳಿಯುವುದಿಲ್ಲ.

ಕಾನೂನೂ ಇದೆ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರ್ಮಿಟ್ ಇಲ್ಲದೆ ಜೀವಂತ ಕೀಟವನ್ನು ದೇಶದೊಳಗೆ ತರುವಂತಿಲ್ಲ. ಅದು ಸರಿಯಾದ ಕಾನೂನೇ. ಆ ಇರುವೆ ಅದರ ಸ್ವಂತ ನೆಲದಲ್ಲೇ ಬೆಳೆ ಬೋಳಿಸುವ ಪೀಡೆ. 2025ರಲ್ಲಿ ಕೀನ್ಯಾದಲ್ಲಿ ಏನಾಯಿತು ಗೊತ್ತಲ್ವಾ? ಬೇರೆ ಜಾತಿಯ ಸುಮಾರು 5,000 ಇರುವೆಗಳನ್ನು ಹತ್ತಿ ತುರುಕಿದ ಟ್ಯೂಬುಗಳಲ್ಲಿ ಇಟ್ಟುಕೊಂಡಿದ್ದ ಇಬ್ಬರು ಬೆಲ್ಜಿಯಂ ಹುಡುಗರಿಗೆ ಕೋರ್ಟು ತಲಾ 10 ಲಕ್ಷ ಶಿಲಿಂಗ್ ದಂಡ ಹಾಕಿತು. ಕಟ್ಟದಿದ್ದರೆ ಒಂದು ವರ್ಷ ಜೈಲು.

ಬೂಷ್ಟು ಬೆಳೆಸುವ ಕೀಟವನ್ನೇ ನೋಡಬೇಕೆಂದರೆ ಕೊಪ್ಪಳ, ರಾಯಚೂರಿನ ಕಡೆ ಹೊಲದ ಬದುವಿನ ಹುತ್ತಗಳಿವೆ. ಹುತ್ತ ಕಟ್ಟುವ ಗೆದ್ದಲು ಒಳಗೆ ಇಂಥದೇ ತೋಟ ಮಾಡುತ್ತದೆ. ಮಳೆ ಬಿದ್ದಾಗ ಹುತ್ತದ ಮೇಲೆ ಏಳುವ ಅಣಬೆ ಅದೇ ತೋಟದ್ದು. ದಯವಿಟ್ಟು ಹುತ್ತ ಒಡೆಯಬೇಡಿ, ಹೊರಗಿಂದಲೇ ನೋಡಿ.

ನಮ್ಮೂರಿನ ಇರುವೆಯನ್ನೂ ಯಾಕೆ ನಿಲ್ಲಿಸಿದಿರಿ ಅಂತ ಕೇಳಬಹುದು. ಕೊರಿಯರ್ ವ್ಯಾನಿನ ಸೆಕೆಯಲ್ಲಿ ರಾಣಿ ಸತ್ತರೆ ಗೂಡಿನಲ್ಲಿ ಉಳಿದವು ಸುಮ್ನೆ ದಿನ ಎಣಿಸುತ್ತವೆ, ಇನ್ನೊಬ್ಬ ರಾಣಿ ಹುಟ್ಟುವುದಿಲ್ಲ. ಇನ್ನು ಗೂಡು ತರಿಸಿಕೊಂಡ ಶಾಲೆಗಳಿಗೆ ಏಪ್ರಿಲ್‌ನಲ್ಲಿ ರಜೆ. ಆಗ ನೀರು ಹಾಕುವವರು ಯಾರು? ಕಾಂಪೌಂಡಿನಲ್ಲೇ ಹಿಡಿದ ಇರುವೆಯಾದರೆ ರಜೆಗೆ ಮುಂಚೆ, ಒಂದು ತಂಪು ಸಂಜೆ, ಹಿಡಿದ ಜಾಗದಲ್ಲೇ ಬಿಡಬಹುದು. ಬೇರೆ ಜಿಲ್ಲೆಯದನ್ನು ಹಾಗೆ ಬಿಡುವುದು ಸರಿಯಲ್ಲ.

ಮೊದಲ ಒಳ್ಳೆ ಮಳೆ ಬಿದ್ದ ಮೇಲೆ ಲೈಟಿನ ಕೆಳಗೆ, ಗೋಡೆ ಬುಡದಲ್ಲಿ ಕಣ್ಣಾಡಿಸಿ. ಕರಿ ಗೊದ್ದದ ರಾಣಿ ದೊಡ್ಡದು, ಬೆನ್ನು ಉಬ್ಬಿರುತ್ತದೆ. ರೆಕ್ಕೆ ಕಳಚಿಕೊಂಡು ಒಂಟಿಯಾಗಿ ಓಡಾಡುತ್ತಿರುವುದನ್ನೇ ಹಿಡಿಯಿರಿ. ಟ್ಯೂಬಿನ ತಳದಲ್ಲಿ ನೀರು, ಅದಕ್ಕೆ ಒತ್ತಿ ಕೂರಿಸಿದ ಹತ್ತಿ, ಆಮೇಲೆ ರಾಣಿ, ಬಾಯಿಗೆ ಇನ್ನೊಂದು ಹತ್ತಿ. ಕತ್ತಲಲ್ಲಿ ಇಡಿ. ಊಟ ಬೇಡ. ಹಾರಲು ಬಳಸಿದ ಮಾಂಸಖಂಡವನ್ನೇ ಕರಗಿಸಿಕೊಂಡು ಅವಳು ಮೊದಲ ಮರಿಗಳನ್ನು ಸಾಕುತ್ತಾಳೆ. ದಿನಾ ತೆಗೆದು ನೋಡಿದರೆ ಗಾಬರಿಯಾಗಿ ಮೊಟ್ಟೆ ತಿಂದುಬಿಡಬಹುದು. ಮಕ್ಕಳಿಗೆ ಇದೊಂದೇ ಕಷ್ಟದ ಭಾಗ. ಮೇಷ್ಟ್ರುಗಳಿಗೂ!

ಕೆಲಸಗಾರ ಇರುವೆಗಳು ಹುಟ್ಟಿದ ಮೇಲೆ ಸಕ್ಕರೆ ನೀರು, ಸತ್ತ ನೊಣ ಕೊಡಿ. ನಮ್ಮ ಗೂಡಿನ ಒಂದು ತುದಿಗೆ ಮಾತ್ರ ನೀರು ಹಾಕಿ. ಹಸಿ ಬೇಕೋ ಒಣ ಬೇಕೋ ಅವೇ ಆರಿಸಿಕೊಳ್ಳುತ್ತವೆ. ಗೂಡಿರುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್ ಬೇಡವೇ ಬೇಡ. ಸೊಳ್ಳೆಗೆ ವಿಷವಾದದ್ದು ಇರುವೆಗೂ ವಿಷ.

ಇರುವೆ ಸಮೇತ ಗೂಡಿಗೆ ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ವ್ಯತ್ಯಾಸದ ಹಣ ವಾಪಸ್ ಬರುತ್ತದೆ. ಹಣ ಬೇಡ ಅನ್ನುವವರಿಗೆ ಅಷ್ಟೇ ಬೆಲೆಯ ಹೆಚ್ಚುವರಿ ಟ್ಯೂಬುಗಳನ್ನು ಕಳಿಸುತ್ತೇವೆ. ಯಾವುದು ಬೇಕೆಂದು ಆರ್ಡರ್ ನಂಬರಿನ ಜೊತೆ ಮೆಸೇಜ್ ಮಾಡಿ. ಹಳೆ ಗೂಡಿನ ಗಾಜು ಬದಲಿಸುವ ಕೆಲಸ ಎಂದಿನಂತೆ ನಡೆಯುತ್ತದೆ.

ಇಂತಿ,
ಗೂಡು ಮಾಡುವ ಬಳಗ, ಬಳ್ಳಾರಿ