ಸ್ವರಲಿಪಿಯ ಫೋಟೊ ಬೇಡ, ಫೈಲ್ ಕೊಡಿ

ಮಾನ್ಯರೇ,

ಮಂಗಳೂರಿನ ನಮ್ಮ ಚರ್ಚಿನ ಗಾಯನವೃಂದಕ್ಕೆ ಕೀಬೋರ್ಡ್ ನುಡಿಸುವವಳು ನಾನು. ಭಾನುವಾರದ ಹಾಡುಗಳನ್ನು ಮನೆಯಲ್ಲೇ ಕಲಿಯಲೆಂದು ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕುವುದೂ ನನ್ನದೇ ಪಾಲು. ಮೊದಲೆಲ್ಲ ಹಾಡನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತ, ಸಾಹಿತ್ಯದ ಮೇಲೆ ಸಿ, ಜಿ, ಎಫ್ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಕೂರಿಸುವಷ್ಟರಲ್ಲಿ ಒಂದು ಸಂಜೆ ಮುಗಿಯುತ್ತಿತ್ತು.

ಈಗ ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್ ತಂತ್ರಾಂಶದಲ್ಲಿ ಬರೆದದ್ದನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ ಆಗಿ, ಅಂದರೆ ಸ್ವರ, ಸಾಹಿತ್ಯವನ್ನು ಬೇರೆ ಪ್ರೋಗ್ರಾಂಗಳೂ ಓದಬಲ್ಲ ಫೈಲಾಗಿ ಉಳಿಸುತ್ತೇನೆ. ಮಗ ಬರೆದುಕೊಟ್ಟ ಪುಟ್ಟ ಪ್ರೋಗ್ರಾಂ ಅದರಿಂದಲೇ ವಿಡಿಯೊಗೆ ಸಬ್‌ಟೈಟಲ್ ತಯಾರಿಸಿ, ಯಾವ ಸಾಲು ಯಾವ ಸೆಕೆಂಡಿಗೆ ಬರಬೇಕೆಂದು ಲೆಕ್ಕ ಹಾಕುತ್ತದೆ. ನಿಮಿಷಕ್ಕೆ 80 ಬೀಟ್ ಎಂದರೆ ಬೀಟಿಗೆ 0.75 ಸೆಕೆಂಡು, ನಾಲ್ಕು ಬೀಟಿನ ಬಾರ್‌ಗೆ (ತಾಳದ ಒಂದು ಸುತ್ತಿಗೆ) 3. ಒಂಬತ್ತನೇ ಬಾರ್ ಶುರುವಾಗುವುದು 24ನೇ ಸೆಕೆಂಡಿಗೆ. ಮೊದಲ ಎಂಟು ಬಾರ್‌ಗೆ ರಿಪೀಟ್ ಚಿಹ್ನೆಯಿದ್ದರೆ 48ಕ್ಕೆ. ಒಮ್ಮೆ ಇದನ್ನೇ ಮರೆತು, ನಾವು ಪಲ್ಲವಿ ಹಾಡುತ್ತಿರುವಾಗ ಪರದೆ ಚರಣಕ್ಕೆ ಓಡಿಬಿಟ್ಟಿತ್ತು! ‘ಕ-ರು-ಣೆ’ ಎಂದು ಸ್ವರದ ಕೆಳಗೆ ಬಿಡಿಸಿ ಬರೆದದ್ದನ್ನು ಫೈಲಿನಲ್ಲಿರುವ ಆರಂಭ, ಮಧ್ಯ, ಅಂತ್ಯದ ಗುರುತು ನೋಡಿ ಪ್ರೋಗ್ರಾಂ ‘ಕರುಣೆ’ ಎಂದು ಜೋಡಿಸುತ್ತದೆ. ಕೊನೆಯ ಸಾಲನ್ನು ಎಳೆದು ಹಾಡುವ ನಮ್ಮ ಅಭ್ಯಾಸ ಮಾತ್ರ ಅದಕ್ಕೆ ತಿಳಿಯದು. ಅಲ್ಲಿ ಟೆಂಪೊ, ಅಂದರೆ ಹಾಡಿನ ವೇಗ, ನಾನೇ ಇಳಿಸಬೇಕು.

ನನ್ನ ತಕರಾರು ಪ್ರಕಾಶಕರ ಬಗ್ಗೆ. ಕಂಪ್ಯೂಟರಿನಲ್ಲೇ ಸಿದ್ಧಪಡಿಸಿದ ಸ್ವರಲಿಪಿಯನ್ನು ಮುದ್ರಿಸಿ, ಸ್ಕ್ಯಾನ್ ಮಾಡಿ ಪಿಡಿಎಫ್ ಕೊಡುತ್ತಾರೆ. ಅದರಲ್ಲಿರುವುದು ಬರೀ ಚಿತ್ರ. ನಾಲ್ಕು ಪುಟವನ್ನು ನಾನು ಮತ್ತೆ ಸ್ವರ ಸ್ವರವಾಗಿ ಟೈಪಿಸಬೇಕು. ಹಕ್ಕುಸ್ವಾಮ್ಯ ಮುಗಿದ ಹಳೆಯ ಹಾಡುಗಳಿಗಾದರೂ ಮೂಲ ಫೈಲನ್ನೇ ಕೊಡಬಾರದೇ? ಬೆಲೆ ಕಟ್ಟಿದರೂ ಕೊಳ್ಳುತ್ತೇನೆ.

– ಓದುಗಿ, ಮಂಗಳೂರು