ಹೆಸರು ಬೇಡವೆಂದ ಪುಟವಿನ್ಯಾಸಕರಿಗೆ

ಒಬ್ಬ ಹೆಣ್ಣಿನ ತೊಟ್ಟಿಲಿನಿಂದ ಮುಪ್ಪಿನವರೆಗಿನ ದಾರಿಯನ್ನು ಹೇಳುವ ಈ ಸಚಿತ್ರ ಕವನ ಸಂಕಲನದ ಪುಟಗಳನ್ನು ಕಾಪಾಡಿ, ‘ನನ್ನ ಹೆಸರು ಹಾಕಬೇಡಿ’ ಎಂದವರೇ, ನಿಮಗೆ ನಮ್ಮೆಲ್ಲರ ಧನ್ಯವಾದ.

ಎರಡು ಪುಟಕ್ಕೆ ಹರಡಿದ್ದ ಮದುವೆಯ ಚಿತ್ರದಲ್ಲಿ ಮದುಮಗಳ ಮುಖ ಸರಿಯಾಗಿ ಮಡಿಕೆಗೇ ಬಂದಿತ್ತು. ಅಂಟಿನ ಬೈಂಡಿಂಗ್ ಆದಮೇಲೆ ಮೂಗು, ಮೂಗುತಿ ಎರಡೂ ಮಾಯ! ಮುಖವನ್ನು ಬಲಪುಟಕ್ಕೆ ಸರಿಸಿ, ಅಂಚು ಕತ್ತರಿಸುವ ಟ್ರಿಮ್ಮಿಗೆಂದು ಸುತ್ತ 3 ಮಿ.ಮೀ. ಚಿತ್ರ ಹೆಚ್ಚು ಬಿಟ್ಟಿರಿ. ಗೆರೆಚಿತ್ರಗಳ ಕಪ್ಪು ನಾಲ್ಕು ಬಣ್ಣಗಳ ಬೆರಕೆಯಾಗಿತ್ತು. ಒಂದೊಂದು ಬಣ್ಣವನ್ನು ಅಚ್ಚೊತ್ತುವ ಪ್ಲೇಟು ಕೂದಲೆಳೆಯಷ್ಟು ಜರುಗಿದರೂ ಅಂಚಿನಲ್ಲಿ ಬಣ್ಣದ ನೆರಳು. ಅದನ್ನು ಬರೀ ಕಪ್ಪು ಶಾಯಿಗೆ ತಂದಿರಿ.

12 ಪಾಯಿಂಟ್ ಅಕ್ಷರಕ್ಕೆ 14ರ ಸಾಲಂತರವಿದ್ದುದರಿಂದ ‘ಅಮ್ಮ’ನ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತಿತ್ತು. 19 ಮಾಡಿದಿರಿ. ಪುಟ 80ರಿಂದ 88ಕ್ಕೇರಿತು, ಅಂದರೆ 16 ಪುಟದ ಫಾರಂ (ಒಟ್ಟಿಗೆ ಅಚ್ಚಾಗುವ ಹಾಳೆ) ಲೆಕ್ಕದಲ್ಲಿ ಅರ್ಧ ಫಾರಂ ಹೆಚ್ಚು. ಮುದ್ರಕರು ಗೊಣಗಿದರು. ಗೊಣಗಲಿ ಬಿಡಿ.