ಮೊದಲ ಫೋನು ನೀನೇ ಮಾಡು

(ಇದು ಗೆಳೆಯನಿಗೆ ಬರೆದ ಪತ್ರ. ಅವನನ್ನೂ ಅವನ ಮಗಳನ್ನೂ ಕೇಳಿಯೇ ಎಲ್ಲರ ಜೊತೆ ಹಂಚಿಕೊಳ್ಳುತ್ತಿದ್ದೇನೆ. ಊರು, ಹೆಸರು ತೆಗೆದಿದ್ದೇನೆ.)

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹತ್ತು ನಿಮಿಷ ಬರೀ ಅಡಿಕೆ ಕೊಳೆರೋಗದ ವಿಷಯವೇ ಮಾತಾಡಿದೆ. ಮಳೆ ಬಿಡುತ್ತಿಲ್ಲ, ಎರಡನೇ ಔಷಧಿ ಹೊಡೆಸಲು ಮರ ಹತ್ತುವ ಕೊನೆಗೌಡ ಸಿಗುತ್ತಿಲ್ಲ, ಔಷಧಿಗೆ ಹಾಕುವ ಮೈಲುತುತ್ತದ ರೇಟು ಜಾಸ್ತಿಯಾಗಿದೆ. ನಾನೂ ಹೂಂ ಹೂಂ ಅಂತಿದ್ದೆ. ಇನ್ನೇನು ಫೋನ್ ಇಡಬೇಕು ಅನ್ನುವಾಗ ನೀನು ದನಿ ಇಳಿಸಿ ಹೇಳಿದೆ: "ಮಗಳು ಸರಿ ಇಲ್ಲ ಮಾರಾಯ."

ಆಮೇಲೆ ನೀನು ಹೇಳಿದ್ದೆಲ್ಲ ರಾತ್ರಿಯಿಡೀ ತಲೆಯಲ್ಲೇ ಇತ್ತು. ಪ್ರವೇಶ ಪರೀಕ್ಷೆಗೆ ವರ್ಷವಿಡೀ ಓದಿಸುವ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರಿಸಿ ಇನ್ನೂ ಒಂದು ತಿಂಗಳಾಗಿಲ್ಲ, ಮನೆಗೆ ಬಂದವಳು ವಾಪಸ್ ಹೋಗುತ್ತಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ಮಲಗಿರುತ್ತಾಳೆ. ಊಟಕ್ಕೆ ಬಂದರೂ ತಟ್ಟೆ ನೋಡಿ ಎದ್ದು ಹೋಗುತ್ತಾಳೆ. ಮೊನ್ನೆ ಅತ್ತಿಗೆ ಹತ್ತಿರ "ನಾನಿಲ್ಲದಿದ್ರೆ ನಿಮಗೆ ಇಷ್ಟು ಖರ್ಚೇ ಇರ್ತಿರಲಿಲ್ಲ ಅಲ್ವಾ" ಅಂದಳಂತೆ. ಇಷ್ಟು ಹೇಳಿದವನು ಕಡೆಗೆ ಕೇಳಿದ್ದೇನು? "ಊರಿನವರಿಗೆ ಗೊತ್ತಾಗದ ಹಾಗೆ ಯಾರನ್ನಾದ್ರೂ ಕೇಳೋಕೆ ಆಗುತ್ತಾ?"

ಆಗುತ್ತದೆ. ಆದರೆ ಅದಕ್ಕೂ ಮೊದಲು ನಿನಗೆ ಹೇಳದ ಒಂದು ವಿಷಯ ಹೇಳಬೇಕು. ನನ್ನ ಮಗ ಆ ವರ್ಷ ಕಾಲೇಜು ಬಿಟ್ಟು ಮನೆಗೆ ಬಂದದ್ದು ಕಾಮಾಲೆ ಆಗಿ ಅಂತ ನಿಮಗೆಲ್ಲ ಹೇಳಿದ್ದೆನಲ್ಲ, ಅದು ಸುಳ್ಳು. ಕಾಮಾಲೆಗೆ ಪಥ್ಯದ ಸಲಹೆ ಕೊಟ್ಟವರು ಎಷ್ಟು ಜನ! ಎಲ್ಲರಿಗೂ ತಲೆಯಾಡಿಸಿದೆ.

ಹಾಸ್ಟೆಲ್ಲಿನಿಂದ ಅವನು ಮೂರು ಸಲ ಫೋನ್ ಮಾಡಿದ್ದ. "ಅಪ್ಪ, ನನ್ನ ಕೈಲಿ ಆಗ್ತಿಲ್ಲ." ಮೂರು ಸಲವೂ ನನ್ನದು ಒಂದೇ ಉತ್ತರ: ಇನ್ನು ನಾಲ್ಕು ತಿಂಗಳು, ಹೇಗೋ ಕಳೆದುಬಿಡು. ನಿಜ ಹೇಳಬೇಕೆಂದರೆ ಆಗ ನನ್ನ ಕಣ್ಣ ಮುಂದೆ ಇದ್ದದ್ದು ಕಟ್ಟಿದ ಫೀಸು. ಕಾಲೇಜಿನ ಗೋಡೆಯ ಮೇಲೆ "ಇಲ್ಲಿ ಕೌನ್ಸೆಲಿಂಗ್ ಸೌಲಭ್ಯವಿದೆ" ಅಂತ ದೊಡ್ಡ ಬೋರ್ಡಿತ್ತು. ಹೋಗಿ ವಿಚಾರಿಸಿದರೆ, ಟೆಸ್ಟಿನಲ್ಲಿ ಅಂಕ ಕಡಿಮೆ ಬಂದ ಹುಡುಗರನ್ನು ಕೂರಿಸಿಕೊಂಡು ಬೈಯುವ ಮೇಷ್ಟರೇ ಕೌನ್ಸೆಲರ್ ಅಂತೆ. ನಮ್ಮ ತಪ್ಪೂ ಇದೆ ಬಿಡು. ನಮ್ಮ ಮನೆಗಳಲ್ಲಿ ಕೌನ್ಸೆಲಿಂಗ್ ಅಂದರೆ ಸಿಇಟಿ ರ‍್ಯಾಂಕು ಹಿಡಿದು ಸೀಟು ಆರಿಸಿಕೊಳ್ಳುವುದು. ಆ ಮಾತಿಗೆ ಇನ್ನೊಂದು ಅರ್ಥವಿದೆ ಅಂತ ನನಗೆ ಹೊಳೆದದ್ದೇ ಮನೆಗೆ ಬೆಂಕಿ ಬಿದ್ದ ಮೇಲೆ.

ಅವನು ಮನೆಗೆ ಬಂದ ಮೇಲೂ ಆರು ವಾರ ಹಾಳು ಮಾಡಿದೆ. ಜಾತಕ ತೋರಿಸಿದೆ. ಚೌಡಿಗೆ ಹರಕೆ ಹೊತ್ತೆ. ಹರಕೆ ತಪ್ಪು ಅನ್ನುತ್ತಿಲ್ಲ, ನನ್ನ ಹೆಂಡತಿಗೆ ಅದರಿಂದಲೇ ಒಂದಿಷ್ಟು ನಿದ್ದೆ ಬಂತು. ಆದರೆ ಹರಕೆ ಹೊತ್ತಾಯಿತಲ್ಲ ಅಂತ ನಾನು ಸುಮ್ಮನೆ ಕೂತೆ, ಅದು ತಪ್ಪು. ಒಂದು ರಾತ್ರಿ ಅವನ ನೋಟ್‌ಬುಕ್ಕಿನ ಕೊನೆಯ ಪುಟ ಇವಳ ಕಣ್ಣಿಗೆ ಬಿತ್ತು. ಏನು ಬರೆದಿದ್ದ ಅನ್ನುವುದು ಇಲ್ಲಿ ಬೇಡ. ರಾತ್ರಿ ಹನ್ನೊಂದೂವರೆಗೆ ಹಿತ್ತಿಲಲ್ಲಿ ನಿಂತು 14416ಕ್ಕೆ ಫೋನ್ ಮಾಡಿದೆ.

ಆ ನಂಬರಿನ ಹೆಸರು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಕೇಂದ್ರ ಸರ್ಕಾರ ಶುರು ಮಾಡಿದ್ದು. ದೇಶಕ್ಕೆಲ್ಲ ಅದನ್ನು ನೋಡಿಕೊಳ್ಳುವ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡ ಆರಿಸಿಕೊಂಡರೆ ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ಸಿಗುವವರು ತರಬೇತಿ ಪಡೆದ ಆಪ್ತಸಮಾಲೋಚಕರು. ಅಗತ್ಯ ಕಂಡರೆ ಮನೋವೈದ್ಯರಿಗೆ ಫೋನ್ ದಾಟಿಸುತ್ತಾರೆ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ದಾರಿ ಹೇಳುತ್ತಾರೆ.

ಆ ಹೆಣ್ಣುಮಗಳು ಯಾರಿಗಾಗಿ ಫೋನ್ ಮಾಡಿದ್ದೀರಿ ಅಂತ ಕೇಳಿದರು. ಮಗನಿಗೆ ಅಂದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ, "ಸರ್, ನೀವು ಹೇಗಿದೀರಿ? ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಅಂದರು. ಮಾರಾಯ, ಬಾವಿಕಟ್ಟೆ ಮೇಲೆ ಕೂತು ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟೆ. ನಾಯಿ ಬಂದು ಕಾಲು ಮೂಸಿ ಹೋಯಿತು.

ಅದಕ್ಕೇ ನಿನಗೆ ಹೇಳುವುದು, ಮೊದಲ ಫೋನು ನೀನೇ ಮಾಡು. ಮಗಳ ಕೈಗೆ ನಂಬರ್ ಕೊಟ್ಟು "ಮಾತಾಡು" ಅನ್ನಬೇಡ. ಈಗಿರುವ ಸ್ಥಿತಿಯಲ್ಲಿ ಅವಳಿಗೆ ನಂಬರ್ ಒತ್ತುವುದೂ ಗುಡ್ಡ ಹತ್ತಿದ ಹಾಗೆ. ಮನೆಯವರೂ ಅಲ್ಲಿಗೆ ಫೋನ್ ಮಾಡಬಹುದು. ಅವಳ ಜೊತೆ ಹೇಗೆ ಮಾತಾಡಬೇಕು, ಯಾವುದನ್ನು ಆಡಬಾರದು ಅಂತ ನಿನಗೇ ಹೇಳಿಕೊಡುತ್ತಾರೆ. ನಾನು ಕಲಿತದ್ದು ಅಲ್ಲೇ.

ಅವರು ಮೊದಲು ಹೇಳಿಕೊಟ್ಟದ್ದೇ ಬಹಳ ಕಷ್ಟದ್ದು. ಮಗನನ್ನು ನೇರವಾಗಿ ಕೇಳಿ ಅಂದರು: "ಸಾಯಬೇಕು ಅನ್ನಿಸ್ತಿದ್ಯಾ?" ಅಂತ. ನನ್ನ ನಾಲಿಗೆ ಏಳಲಿಲ್ಲ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಲ್ವಾ ಅಂದೆ. ಇಲ್ಲ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರಲು ದಾರಿಯಾಗುತ್ತದೆ ಅಂದರು. ಮರುದಿನ ತೋಟದ ಕಾಲುದಾರಿಯಲ್ಲಿ ಅಕ್ಕಪಕ್ಕ ನಡೆಯುತ್ತಾ ಕೇಳಿದೆ. ಎದುರು ಕೂತು ಕೇಳುವ ಧೈರ್ಯ ಇರಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಹೂಂ" ಅಂದ. ನಾನು ಭಾಷಣ ಮಾಡಲಿಲ್ಲ. "ಹೇಳಿದ್ದು ಒಳ್ಳೇದಾಯ್ತು, ನಾನಿದೀನಿ" ಅಂದೆ ಅಷ್ಟೇ. ಅದನ್ನೂ ಅವರೇ ಹೇಳಿಕೊಟ್ಟಿದ್ದರು.

ಎರಡನೆಯದು ನಿನಗಂತೂ ಇವತ್ತೇ ಆಗಬೇಕಾದ ಕೆಲಸ. ತೋಟಕ್ಕೆ ತಂದ ಔಷಧಿ, ಕಳೆನಾಶಕ, ಮನೆಯಲ್ಲಿ ಉಳಿದ ಮಾತ್ರೆ, ಯಾವುದೂ ಕೈಗೆ ಸಿಗುವ ಹಾಗೆ ಇರಬಾರದು. ಕೊಟ್ಟಿಗೆ ಅಟ್ಟದ ಮೇಲಿದೆ, ಯಾರು ಮುಟ್ಟುತ್ತಾರೆ ಅನ್ನಬೇಡ. ಬೀಗ ಹಾಕು, ಕೀಲಿ ನಿನ್ನ ಹತ್ತಿರ ಇಟ್ಟುಕೋ. ಇಲ್ಲವೇ ಕೆಲವು ತಿಂಗಳು ನಿನ್ನ ಅಣ್ಣನ ಮನೆಗೆ ಸಾಗಿಸು. ಕೊಳೆರೋಗದ ಕಾಲದಲ್ಲಿ ಇದು ತಾಪತ್ರಯವೇ, ಗೊತ್ತು. ಆದರೂ ಮಾಡು. ಆ ಯೋಚನೆ ಜೋರಾಗಿ ಬರುವುದು ಎಷ್ಟೋ ಸಲ ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಈಗಲೇ ಏನಾದರೂ ಮಾಡಿಕೊಳ್ಳುತ್ತಾಳೆ ಅನ್ನಿಸಿದರೆ ಸಲಹೆ ಕೇಳುತ್ತಾ ಕೂರಬೇಡ. ಅವಳನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡದೆ 112ಕ್ಕೆ ಫೋನ್ ಮಾಡು, ಇಲ್ಲವೇ ಸೀದಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗು.

ಪೊಲೀಸ್ ಕೇಸಾಗುತ್ತದೆ ಅನ್ನುವ ಭಯಕ್ಕೆ ಆಸ್ಪತ್ರೆಗೆ ತಡವಾಗಿ ಹೋಗುವವರು ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಸಾಯಲು ಹೊರಟು ಬದುಕಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಅದು ತಿಳಿಯುತ್ತದೆ, ಅವರಿಗೆ ಶಿಕ್ಷೆ ಕೊಡುವ ಮಾತಿಲ್ಲ. ಅವರಿಗೆ ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಹೊಣೆ. ವೈದ್ಯರ ಹತ್ತಿರ ಆಡಿದ ಮಾತು ಗುಟ್ಟಾಗಿರಬೇಕು ಅನ್ನುವುದೂ ಅದೇ ಕಾಯ್ದೆಯಲ್ಲಿದೆ.

ಇನ್ನು ಎಲ್ಲಿಗೆ ಹೋಗುವುದು ಅಂತ ಕೇಳಿದೆಯಲ್ಲ. ಬೆಂಗಳೂರಿಗೇ ಹೋಗಬೇಕಾ ಅಂದೆ. ಬೇಡ. ನಮ್ಮ ರಾಜ್ಯದ ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮಂಗಳವಾರ ಮನೋವೈದ್ಯರು ಬಂದು ನೋಡುತ್ತಾರೆ. ಹೊರಡುವ ಮುಂಚೆ ಈ ವಾರ ಬರುತ್ತಾರಾ, ಎಷ್ಟು ಗಂಟೆಗೆ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೋ. ಅಲ್ಲಿ ಗುರುತಿನವರು ಸಿಗುತ್ತಾರೆ ಅನ್ನುವ ಸಂಕೋಚ ಇದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗು, ಅಲ್ಲಿ ಮನೋವೈದ್ಯ ವಿಭಾಗವೇ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಈಗ ದೇಶದಲ್ಲೆಲ್ಲ ನಡೆಯುತ್ತಿದೆಯಲ್ಲ, ಅದರ ಬೇರು ಇರುವುದು ನಮ್ಮ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಸಾಮಾನ್ಯ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ನೋಡಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಕಾರ್ಯಕ್ರಮ ಶುರುವಾಯಿತು.

ಆಸ್ಪತ್ರೆ ಅಂದರೇ ಮಗಳು ಒಲ್ಲೆ ಅನ್ನಬಹುದು. ಅದಕ್ಕೂ ಒಂದು ಉಪಾಯ ಇದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ಯುವ ಸ್ಪಂದನ ಅಂತ ಸಮಾಲೋಚನೆ ಕೇಂದ್ರಗಳನ್ನು ಮಾಡಿವೆ. ಆ ಕೇಂದ್ರಗಳು ಇರುವುದು ಜಿಲ್ಲಾ ಕ್ರೀಡಾಂಗಣಗಳಲ್ಲಿ. ಓದು, ಪರೀಕ್ಷೆ, ಪ್ರೀತಿ, ಮನೆಯ ಜಗಳ, ಏನನ್ನಾದರೂ ಹೇಳಿಕೊಳ್ಳಬಹುದು. ಸ್ಟೇಡಿಯಂಗೆ ಹೋದವರನ್ನು ಯಾಕೆ ಹೋದೆ ಅಂತ ಯಾರು ಕೇಳುತ್ತಾರೆ ಹೇಳು! ಆ ಜಾಗ ಆರಿಸಿದವರಿಗೆ ನಮ್ಮ ಜನ ಚೆನ್ನಾಗಿ ಗೊತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇದೆ. ನಿನ್ನ ಚಿಕ್ಕವನು ಹೈಸ್ಕೂಲಿನಲ್ಲಿದ್ದಾನಲ್ಲ, ಅಕ್ಕನ ಅವಸ್ಥೆ ನೋಡಿ ಅವನೂ ಹೆದರಿರುತ್ತಾನೆ. ಹದಿನೆಂಟರ ಒಳಗಿನವರಿಗೆ ಮಕ್ಕಳ ಸಹಾಯವಾಣಿ 1098 ಇದೆ ಅಂತ ಅವನಿಗೂ ಹೇಳಿಡು. ಹಾಸ್ಟೆಲ್ಲಿನಲ್ಲಿ ಯಾರಾದರೂ ಅವಳಿಗೆ ಕಿರುಕುಳ ಕೊಟ್ಟಿದ್ದಾರೆ ಅಂತ ಗೊತ್ತಾದರೆ ಮಹಿಳೆಯರ ಸಹಾಯವಾಣಿ 181 ಮತ್ತು ಸಾಂತ್ವನ ಕೇಂದ್ರ ಇವೆ. ಇದನ್ನು ಅತ್ತಿಗೆ ಮೆಲ್ಲಗೆ ಕೇಳಲಿ, ನೀನು ಬೇಡ.

ಒಂದು ವ್ಯತ್ಯಾಸ ನೆನಪಿಟ್ಟುಕೋ, ನನಗೆ ಇದು ತಿಳಿಯಲು ತಿಂಗಳು ಹಿಡಿಯಿತು. ಆಪ್ತಸಮಾಲೋಚಕರು ಕೂತು ಮಾತಾಡಿಸುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಸ್ಸಿನ ಪರೀಕ್ಷೆ ಮಾಡಿ, ಮಾತಿನಿಂದಲೇ ಚಿಕಿತ್ಸೆ ಕೊಡುವವರು. ಮಾತ್ರೆ ಬರೆಯುವವರು ಮನೋವೈದ್ಯರು. ನನ್ನ ಮಗನಿಗೆ ಮಾತೂ ಬೇಕಾಯಿತು, ಮಾತ್ರೆಯೂ ಬೇಕಾಯಿತು. ಮಾತ್ರೆ ಶುರು ಮಾಡಿದ ಮೊದಲ ವಾರ ಏನೂ ಬದಲಾಗಲಿಲ್ಲ ಅಂತ ನಾನು ಡಾಕ್ಟರ ಹತ್ತಿರ ಕೂಗಾಡಿದೆ. ಪರಿಣಾಮ ಕಾಣಲು ಕೆಲವು ವಾರ ಬೇಕು ಅಂತ ಅವರು ಮೊದಲೇ ಹೇಳಿದ್ದರು, ನನಗೆ ಕೇಳಿಸಿರಲಿಲ್ಲ. ಹುಷಾರಾಯಿತು ಅನ್ನಿಸಿದ ಕೂಡಲೇ ಮಾತ್ರೆ ನಿಲ್ಲಿಸಲೂಬಾರದು, ಅವರನ್ನು ಕೇಳಿಯೇ ನಿಲ್ಲಿಸಬೇಕು.

ಮತ್ತೆ, ಅವಳು ಒಳಗೆ ಮಾತಾಡುವಾಗ ನೀನು ಹೊರಗೆ ಕೂತಿರು. ಹೊರಗೆ ಬಂದ ಮೇಲೆ "ಏನು ಹೇಳಿದೆ?" ಅಂತ ಕೇಳಬೇಡ. ನಾನು ಕೇಳಿದೆ. ಮುಂದಿನ ಸಲ ಅವನು ಬರುವುದೇ ಇಲ್ಲ ಅಂತ ಕೂತ. ಆಮೇಲೆ ನಮ್ಮಿಬ್ಬರ ನಡುವೆ ಒಂದು ಒಪ್ಪಂದವಾಯಿತು, ಆಸ್ಪತ್ರೆಯಿಂದ ಬರುವಾಗ ಮಸಾಲೆ ದೋಸೆ, ಪ್ರಶ್ನೆ ಇಲ್ಲ.

ನಮ್ಮ ಕಡೆಯವರಿಗೆ ಇದು ಹೊಸದೇನೂ ಅಲ್ಲ ನೋಡು. 2016ರಲ್ಲಿ ತೀರಿಕೊಂಡ ಮನೋವೈದ್ಯ ಡಾ. ಅಶೋಕ್ ಪೈ ಶಿವಮೊಗ್ಗದಲ್ಲಿ ಕೂತು ಮನಸ್ಸಿನ ಕಾಯಿಲೆಯ ಬಗ್ಗೆ ಎಷ್ಟು ವರ್ಷ ಕನ್ನಡದಲ್ಲಿ ಹೇಳಿದರು. ಆದರೂ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅನ್ನುವುದು ನಮಗೆ ಇನ್ನೂ ತಮಾಷೆಯೇ. ನೆನಪಿದೆಯಾ, ನಮ್ಮ ಹಾಸ್ಟೆಲ್ಲಿನಲ್ಲಿ ಎದುರು ರೂಮಿನ ಹುಡುಗ? ಎರಡು ತಿಂಗಳು ಮಾತೇ ಇಲ್ಲದೆ ಮಂಚದ ಮೇಲೆ ಬಿದ್ದುಕೊಂಡಿದ್ದ. ಲವ್ ಫೇಲ್ಯೂರ್ ಅಂತ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದವರು ನಾವೇ. ವರ್ಷದ ಮಧ್ಯೆ ಅವರಪ್ಪ ಬಂದು ಟ್ರಂಕು ಹೊತ್ತುಕೊಂಡು ಅವನನ್ನು ಕರೆದುಕೊಂಡು ಹೋದರು. ಆಮೇಲೆ ಅವನ ಸುದ್ದಿ ನಮಗೆ ಗೊತ್ತಿಲ್ಲ, ನಾವು ಕೇಳಲೂ ಇಲ್ಲ. ಮಗನ ಜೊತೆ ಆಸ್ಪತ್ರೆ ಬೆಂಚಿನ ಮೇಲೆ ಕೂತಾಗಲೆಲ್ಲ ಆ ಅಪ್ಪನ ಮುಖ ನೆನಪಿಗೆ ಬರುತ್ತಿತ್ತು.

ಕೋಚಿಂಗಿನವರ ವಿಷಯ. ಫೀಸು ವಾಪಸ್ ಕೇಳುವ ಜಗಳ ಈಗ ಬೇಡ, ಅದಕ್ಕೆ ನಾನೇ ಬರುತ್ತೇನೆ. ಆದರೆ ಒಂದನ್ನು ಕೇಳು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಅರ್ಹತೆ ಇರುವ ಒಬ್ಬ ಆಪ್ತಸಮಾಲೋಚಕರಾದರೂ ಇರಬೇಕು. ಕೋಚಿಂಗ್ ಸೆಂಟರುಗಳಿಗೂ ಅದು ಅನ್ವಯ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಒಬ್ಬ ಹುಡುಗಿಯ ಸಾವಿನ ಪ್ರಕರಣದಲ್ಲಿ ಬಂದ ತೀರ್ಪು ಅದು, ಅವಳ ಅಪ್ಪ ಕೋರ್ಟಿನ ತನಕ ಹೋಗಿದ್ದ. ನಿಮ್ಮಲ್ಲಿ ಆ ಕೆಲಸಕ್ಕೆ ಯಾರಿದ್ದಾರೆ, ಅವರು ಏನು ಓದಿದ್ದಾರೆ ಅಂತ ಒಂದು ಕಾಗದ ಬರೆದು ಕೇಳು. ನಿನ್ನ ಮಗಳು ಅಲ್ಲಿಗೆ ಹೋಗದಿದ್ದರೂ ಅವಳ ರೂಮಿನ ಉಳಿದ ಮೂವರು ಅಲ್ಲೇ ಇದ್ದಾರಲ್ಲ.

ನನ್ನ ಮಗ ಈಗ ಹೇಗಿದ್ದಾನೆ ಅಂತ ಕೇಳುತ್ತೀಯ. ಬಿ.ಎಸ್ಸಿ. ಮಾಡುತ್ತಿದ್ದಾನೆ. ಎಲ್ಲ ದಿನವೂ ಒಂದೇ ಥರ ಇರುವುದಿಲ್ಲ. ಹೋದ ತಿಂಗಳು ಮತ್ತೆ ನಾಲ್ಕು ದಿನ ಮಂಕಾಗಿದ್ದ. ಆದರೆ ಈ ಸಲ ಅವನೇ ಬಂದು "ಅಪ್ಪ, ಡಾಕ್ಟರ ಹತ್ರ ಹೋಗಿ ಬರೋಣ್ವಾ" ಅಂದ. ನಿನಗೆ ಇದನ್ನೆಲ್ಲ ಬರೆಯುತ್ತೇನೆ ಅಂದಾಗ "ಕಾಮಾಲೆ ಕಥೆನೂ ಬರಿ" ಅಂತ ನಕ್ಕ. ನಿನ್ನ ಮಗಳಿಗೆ ಬೇಕು ಅನ್ನಿಸಿದರೆ ಅವನು ಮಾತಾಡುತ್ತಾನಂತೆ. ಒತ್ತಾಯ ಮಾಡಬೇಡ, ಸುಮ್ನೆ ಕಿವಿಗೆ ಹಾಕಿಡು.

ಈ ಪತ್ರ ಓದಿ ಮುಗಿಸಿದವನೇ ಮೊದಲು ಕೊಟ್ಟಿಗೆಗೆ ಹೋಗಿ ಬೀಗ ಹಾಕು, ಆಮೇಲೆ ಫೋನ್ ಮಾಡು. ಮಂಗಳವಾರ ಆಸ್ಪತ್ರೆಗೆ ನಾನೂ ಜೊತೆಗಿರುತ್ತೇನೆ. ಸೋಮವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಕರೆದುಕೊಂಡು ಹೋಗಲು ಸ್ಟ್ಯಾಂಡಿಗೆ ಬರಬೇಡ, ದಾರಿ ನನಗೆ ಗೊತ್ತು. ನೀನು ಮನೆಯಲ್ಲೇ ಇರು.

ನಿನ್ನ
ಹಳೇ ರೂಮ್‌ಮೇಟು